ಬೋರಲಿಟ್ಟ ತಟ್ಟೆ

ತೊಳೆದ ತಟ್ಟೆಗಳ ಅಟ್ಟಿಯನ್ನು ಎಡ ಸೊಂಟಕ್ಕೆ ಆನಿಸಿಕೊಂಡು ಅವಳು ಊಟದ ಹಾಲಿನಲ್ಲಿ ಮೇಜಿನ ಉದ್ದಕ್ಕೂ ನಡೆಯುತ್ತಿದ್ದಳು. ಒಂದು ತಟ್ಟೆ ತೆಗೆಯುವುದು, ಒಣ ಬಟ್ಟೆಯಿಂದ ಅಂಚು ಒರೆಸುವುದು, ಮೇಜಿನ ಮೇಲೆ ಬೋರಲು ಹಾಕುವುದು, ಒಂದು ಹೆಜ್ಜೆ ಮುಂದೆ ಹೋಗುವುದು. ಸ್ಟೀಲು ಮರಕ್ಕೆ ತಾಗಿದರೂ ಸದ್ದಾಗುತ್ತಿರಲಿಲ್ಲ. ಮೂರು ಉದ್ದನೆಯ ಮೇಜು, ಮೇಜಿಗೆ ಹದಿನಾಲ್ಕು ತಟ್ಟೆ. ಮೂರನೆಯ ಮೇಜಿನ ತುದಿಯಲ್ಲಿ, ಕಿಟಕಿಯ ಪಕ್ಕ, ಹದಿನೈದನೆಯ ಜಾಗವೊಂದಿತ್ತು. ಅಲ್ಲಿ ಈಗ ಯಾರೂ ಕೂರುತ್ತಿರಲಿಲ್ಲ. ಅವಳು ಆ ಬರಿಯ ಜಾಗವನ್ನೂ ಬಟ್ಟೆಯಿಂದ ಒರೆಸಿದಳು. ಕೊಳೆ ಇರಲಿಲ್ಲ, ಆದರೂ ಇನ್ನೊಂದು ಸಲ ಒರೆಸಿದಳು.

ಅಲ್ಲಿ ಎಲ್ಲರೂ ಅವಳನ್ನು ಬೊಂಬೆ ಎನ್ನುತ್ತಿದ್ದರು. ಹೆಸರಿಟ್ಟವನು ಮೊದಲನೆಯ ಮೇಜಿನ ದರ್ಜಿ ತಾತ. ಏನು ಹೇಳಿದರೂ ತಲೆಯಾಡಿಸುತ್ತಾಳೆ, ಬಾಯಿ ಬಿಡುವುದಿಲ್ಲ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕತ್ತು ಕುಣಿಸುವ ಬೊಂಬೆ ಇದ್ದ ಹಾಗೆ ಎಂದು ಅವನು ಒಂದು ದಿನ ಅಂದದ್ದೇ ತಡ, ಹೆಸರು ಅಂಟಿಕೊಂಡಿತು. ಅವಳಿಗೆ ಬೇಸರವೇನೂ ಆಗಲಿಲ್ಲ. ಬೊಂಬೆಯ ಮುಂದೆ ಜನ ಏನನ್ನಾದರೂ ಮಾತಾಡುತ್ತಾರೆ. ಬೊಂಬೆಗೂ ಕಿವಿ ಇದೆ ಎನ್ನುವುದು ಅವರಿಗೆ ನೆನಪಿರುವುದಿಲ್ಲ.

ಅಡುಗೆಮನೆಯಿಂದ ಅಡುಗೆಯವನು ತಲೆ ಹಾಕಿದ. ಅವಳು ಅವನನ್ನು ಮಾವ ಎನ್ನುತ್ತಿದ್ದಳು. ಸಂಬಂಧವೇನಿಲ್ಲ, ಆರು ವರ್ಷ ಒಂದೇ ಒಲೆಯ ಮುಂದೆ ನಿಂತ ಸಲಿಗೆ.

"ಕಾಗದ ಬಂದಿದೆಯಂತೆ ಕಣೇ. ಇನ್ನು ಮೂರು ದಿನಕ್ಕೆ ತನಿಖೆ. ಸರ್ಕಾರದೋನು ಬರ್ತಾನೆ."

ಅವಳ ಕೈಯ ಬಟ್ಟೆ ನಿಂತಿತು.

"ಹೇಳಿ ಕಳಿಸಿ ಬರೋನು ತನಿಖೆಗೆ ಬರಲ್ಲ ಬಿಡು, ಊಟಕ್ಕೆ ಬರ್ತಾನೆ," ಎಂದು ಅವನು ತನ್ನ ಮಾತಿಗೆ ತಾನೇ ನಕ್ಕು ಒಳಗೆ ಹೋದ.

ಅವಳು ನಗಲಿಲ್ಲ. ಒಂದು ವರ್ಷದಿಂದ ಈ ಮಾತಿಗೆ ಕಾದಿದ್ದಳು.

*

ಆ ಕಟ್ಟಡ ಗುರುಗಳೊಬ್ಬರ ಪ್ರಾರ್ಥನಾ ಮಂದಿರಕ್ಕೆ ಸೇರಿದ್ದು. ಹಿಂದೆ ಅಲ್ಲಿ ವಾರಕ್ಕೊಮ್ಮೆ ಬಡವರಿಗೆ ಊಟ ಹಾಕುತ್ತಿದ್ದರು, ಭಕ್ತರು ಕೊಟ್ಟ ಅಕ್ಕಿಯಲ್ಲಿ. ಬಂದವರು ಉಣ್ಣುತ್ತಿದ್ದರು, ಎದ್ದು ಹೋಗುತ್ತಿದ್ದರು. ಯಾರನ್ನೂ ಯಾರೂ ಏನೂ ಕೇಳುತ್ತಿರಲಿಲ್ಲ. ಆಮೇಲೆ ಸರ್ಕಾರ ಅರವತ್ತು ದಾಟಿದವರಿಗೆ ದಿನವೂ ಮಧ್ಯಾಹ್ನದ ಊಟ ಎಂಬ ಯೋಜನೆ ತಂದು, ಅದನ್ನು ನಡೆಸುವುದಕ್ಕೆ ಇಂಥ ಧರ್ಮಸಂಸ್ಥೆಗಳಿಗೆ ಅನುದಾನ ಕೊಟ್ಟಿತು. ಬಾಗಿಲಿಗೆ ದೊಡ್ಡ ಬೋರ್ಡು ಬಂತು. ಬೋರ್ಡಿನ ಜೊತೆ ಮೇಲ್ವಿಚಾರಕಿಯೂ ಬಂದರು.

ಅವರನ್ನು ಎಲ್ಲರೂ ಅಮ್ಮನವರು ಎನ್ನಬೇಕಿತ್ತು. ಐವತ್ತರ ಹೆಂಗಸು, ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಕೈಯಲ್ಲಿ ಸದಾ ಒಂದು ಕಂಚಿನ ಕೈಗಂಟೆ. ಕೂಗಿ ಮಾತಾಡಿದವರೇ ಅಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಕೂದಲು ಎಳೆಯುವಾಗ ಬೆಣ್ಣೆಗೆ ನೋವಾಗುತ್ತದೋ ಇಲ್ಲವೋ ಯಾರು ಕೇಳಿದ್ದಾರೆ! ಮಾತಿಗೊಮ್ಮೆ "ಮೌನಂ ಸಮ್ಮತಿ ಲಕ್ಷಣಂ" ಎನ್ನುವುದು ಅವರ ಪದ್ಧತಿ. "ಇವತ್ತಿಂದ ಊಟಕ್ಕೆ ಮೊದಲು ಎಲ್ರೂ ಪ್ರಾರ್ಥನೆ ಮಾಡೋಣ, ಯಾರದಾದ್ರೂ ಅಭ್ಯಂತರ ಇದೆಯಾ?" ಎಂದು ಕೇಳಿ, ಹಸಿದ ಮುದುಕರು ಅಡುಗೆಮನೆಯ ಕಡೆ ನೋಡುತ್ತ ಸುಮ್ಮನಿದ್ದಾಗ, "ನೋಡಿ, ಮೌನಂ ಸಮ್ಮತಿ ಲಕ್ಷಣಂ" ಎಂದು ನಕ್ಕಿದ್ದರು. ಅಲ್ಲಿಗೆ ಮುಗಿಯಿತು.

ತಟ್ಟೆ ಬೋರಲು ಹಾಕುವುದು ಮೊದಲಿನಿಂದಲೂ ಇತ್ತು, ನೊಣ ಕೂರದಿರಲಿ ಎಂದು. ಅಮ್ಮನವರು ಅದಕ್ಕೊಂದು ನಿಯಮ ಹೊಲಿದರು. ಪ್ರಾರ್ಥನೆ ಮುಗಿದು ಗಂಟೆ ಆಗಬೇಕು. ಗಂಟೆ ಆದ ಮೇಲೆ ಎಲ್ಲರೂ ಒಟ್ಟಿಗೆ ತಟ್ಟೆ ತಿರುಗಿಸಬೇಕು. ತಿರುಗಿಸಿದ ತಟ್ಟೆಗೆ ಮಾತ್ರ ಅನ್ನ. ಗಂಟೆ ಬಾರಿಸುವ ಕೆಲಸ ಬೊಂಬೆಯದು, ಆಮೇಲೆ ಸೌಟು ಹಿಡಿದು ಬಡಿಸುವುದೂ ಅವಳದೇ.

ಮುದುಕರನ್ನು ಪಳಗಿಸಲು ಅಮ್ಮನವರು ಆಗಾಗ ಪರೀಕ್ಷೆಯನ್ನೂ ಇಡುತ್ತಿದ್ದರು. ಒಂದು ದಿನ ಎಲ್ಲರೂ ಕೂತ ಕೂಡಲೇ, "ಹೂಂ, ಇವತ್ತು ತಡ ಆಯ್ತು, ತಿರುಗಿಸಿ ತಿರುಗಿಸಿ, ಊಟ ಮಾಡಿ" ಎಂದರು. ಏಳು ಜನ ತಿರುಗಿಸಿದರು. ಆ ಏಳೂ ಜನರನ್ನು ಎಬ್ಬಿಸಿ ಮನೆಗೆ ಕಳಿಸಿದರು. "ನಾನೇ ಹೇಳಿದ್ರೂ ಗಂಟೆ ಆಗೋ ತನಕ ತಿರುಗಿಸ್ಬಾರ್ದು. ಬಾಯಿ ಮಾತು ನಂಬ್ಬೇಡಿ, ಗಂಟೆ ನಂಬಿ. ಶ್ರದ್ಧೆ ಅಂದ್ರೆ ಅದು." ದರ್ಜಿ ತಾತ ಆ ಏಳು ಜನರಲ್ಲಿ ಒಬ್ಬ. ಬಾಗಿಲ ಬಳಿ ಚಪ್ಪಲಿ ಹುಡುಕುತ್ತ, "ಅಲ್ಲಮ್ಮ, ಅಳತೆ ತಗೊಳ್ಳದೆ ಕತ್ತರಿ ಹಾಕ್ಬಿಟ್ರಲ್ಲ" ಎಂದಿದ್ದ. ಆಮೇಲೆ ಮೂರು ಸಲ ಪರೀಕ್ಷೆ ನಡೆಯಿತು. ಎರಡನೆಯ ಸಲ ಒಬ್ಬರು ತಪ್ಪಿದರು. ಮೂರನೆಯ ಸಲ, ನಾಲ್ಕನೆಯ ಸಲ, ಒಂದು ಕೈಯೂ ಮೇಜಿನ ಮೇಲೆ ಬರಲಿಲ್ಲ. ಅಮ್ಮನವರಿಗೆ ಕಣ್ಣು ತುಂಬಿ ಬಂದಿತ್ತು, ಹೆಮ್ಮೆಯಿಂದ.

ಕಿಟಕಿಯ ಪಕ್ಕದ ಹದಿನೈದನೆಯ ಜಾಗ ಬೊಂಬೆಯ ಅಜ್ಜಿಯದು. ಅಪ್ಪನ ತಾಯಿ. ಅಪ್ಪ ಅಮ್ಮ ಒಂದೇ ಬಸ್ಸು ಹತ್ತಿ ಹೋದವರು ಹಿಂದಿರುಗಲಿಲ್ಲ; ಏಳನೆಯ ತರಗತಿಯಲ್ಲಿದ್ದ ಅವಳು ಆ ವರ್ಷ ಶಾಲೆ ಬಿಟ್ಟಳು, ಅಜ್ಜಿ ದೇವರನ್ನು ಬಿಟ್ಟಳು. ಪ್ರಾರ್ಥನೆಯ ಮೊದಲ ದಿನ ಎಲ್ಲರೂ ಕಣ್ಣು ಮುಚ್ಚಿ ಬಾಯಿ ಆಡಿಸುತ್ತಿದ್ದರೆ ಅಜ್ಜಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

"ಯಾಕಜ್ಜಿ, ಬಾಯಿಗೆ ಬೀಗ ಹಾಕಿದೀರಾ?" ಎಂದರು ಅಮ್ಮನವರು.

"ನಾನೂ ದೇವ್ರೂ ಠೂ ಬಿಟ್ಟಿದೀವಮ್ಮ," ಎಂದಳು ಅಜ್ಜಿ. "ತಪ್ಪು ಅವನದು. ಅವನೇ ಮೊದಲು ಮಾತಾಡಿಸ್ಲಿ."

ಹಾಲೆಲ್ಲ ನಕ್ಕಿತು. ಅಮ್ಮನವರೂ ನಕ್ಕರು. ನಗುತ್ತಲೇ ಹೇಳಿದರು, "ಪ್ರಾರ್ಥನೆಗಿಲ್ಲದ ಬಾಯಿ ಊಟಕ್ಕೆ ಯಾಕೆ?" ಆಮೇಲೆ ಬೊಂಬೆಯ ಕಡೆ ತಿರುಗಿ, "ಇವರ ತಟ್ಟೆ ಬೋರಲೇ ಇರ್ಲಿ. ನಿನ್ನ ಅಜ್ಜಿ ಅಂತ ರಿಯಾಯಿತಿ ಇಲ್ಲ, ತಿಳೀತಾ?"

ಬೊಂಬೆ ತಲೆಯಾಡಿಸಿದಳು.

ಹನ್ನೊಂದು ದಿನ ಅಜ್ಜಿ ಬಂದಳು. ಹನ್ನೊಂದು ದಿನವೂ ಬೋರಲಿಟ್ಟ ತಟ್ಟೆಯ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು, ಕೊನೆಯ ಮುದುಕ ಕೈ ತೊಳೆಯುವ ತನಕ ಕೂತಿದ್ದು ಎದ್ದು ಹೋದಳು. ಹನ್ನೊಂದು ದಿನವೂ ಮೊಮ್ಮಗಳು ಗಂಟೆ ಬಾರಿಸಿ, ಬಿಸಿ ಅನ್ನದ ಪಾತ್ರೆ ಹಿಡಿದು, ಆ ತಟ್ಟೆಯನ್ನು ದಾಟಿ ಹೋದಳು. ಅಂಚು ತಗ್ಗಿದ ತಟ್ಟೆ ಅದು. ಯಾವಾಗಲೋ ಕೆಳಗೆ ಬಿದ್ದು ನಜ್ಜಿದ್ದು. ಸಂಜೆ ಅವಳು ಡಬ್ಬಿಯಲ್ಲಿ ಮುಚ್ಚಿ ತಂದ ಅನ್ನವನ್ನು ಅಜ್ಜಿ ಮುಟ್ಟಲಿಲ್ಲ.

"ಇದು ಯಾರ ಊಟನೇ?"

"ನಿಂದೇ ಅಜ್ಜಿ."

"ನಂದಾಗಿದ್ರೆ ಎಲ್ಲರ ಮುಂದೆ ಬರ್ತಿತ್ತು. ಮುಚ್ಕೊಂಡು ಬಂದಿದ್ದು ನಂದಲ್ಲ."

ಹನ್ನೆರಡನೆಯ ದಿನ ಅಜ್ಜಿ ಏಳಲಿಲ್ಲ. ತಿಂಗಳು ಕಳೆಯುವುದರೊಳಗೆ ಹೋದಳು. ವಯಸ್ಸಾಗಿತ್ತು ಎಂದರು ಡಾಕ್ಟರು, ಸುಳ್ಳೂ ಅಲ್ಲ. ಅಮ್ಮನವರು ಅವಳ ಮನೆ ಬಾಗಿಲ ತನಕ ಬಂದು, ಚಪ್ಪಲಿ ಬಿಡದೆ, "ಒಳ್ಳೇ ಜೀವ. ಆ ಹಠ ಒಂದಿಲ್ದೇ ಹೋಗಿದ್ರೆ..." ಎಂದು ನಿಟ್ಟುಸಿರು ಬಿಟ್ಟು, "ಸೋಮವಾರ ಕೆಲಸಕ್ಕೆ ಬರ್ತೀಯ ತಾನೇ?" ಎಂದು ಕೇಳಿದರು. ಬೊಂಬೆ ಅದಕ್ಕೂ ತಲೆಯಾಡಿಸಿದಳು.

ಆ ಎರಡು ತಲೆಯಾಡಿಕೆ ಅವಳ ಕತ್ತಿನಲ್ಲೇ ಉಳಿದುಕೊಂಡವು, ನುಂಗಲೂ ಆಗದ ಉಗುಳಲೂ ಆಗದ ಮುಳ್ಳಿನ ಹಾಗೆ. ನಜ್ಜಿದ ತಟ್ಟೆಯನ್ನು ಅವಳು ಪಾತ್ರೆ ತೊಳೆಯುವ ಕಟ್ಟೆಯ ಕೆಳಗೆ, ಹಳೆಯ ಗೋಣಿಯ ಹಿಂದೆ ಇಟ್ಟಳು. ವಾರಕ್ಕೊಮ್ಮೆ ತೆಗೆದು ಉಜ್ಜುತ್ತಿದ್ದಳು. ಬೂದಿ ಮುಚ್ಚಿದ ಕೆಂಡಕ್ಕೆ ಊದುವವರು ಬೇಕಾಗುತ್ತದೆ. ಅವಳು ವಾರಕ್ಕೊಮ್ಮೆ ಊದಿಕೊಳ್ಳುತ್ತಿದ್ದಳು.

ಹಾಗಿರುವಾಗ ಒಂದು ದಿನ ದಿನಸಿ ಕೋಣೆ ಗುಡಿಸುತ್ತಿದ್ದಾಗ ಆ ಕಾಗದ ಕಣ್ಣಿಗೆ ಬಿತ್ತು. ಯೋಜನೆಯ ನಿಯಮಗಳನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸಬೇಕೆಂದು ಸರ್ಕಾರ ಹೇಳಿತ್ತು. ಅಮ್ಮನವರು ಅಂಟಿಸಿದ್ದರು: ದಿನಸಿ ಕೋಣೆಯ ಬಾಗಿಲ ಹಿಂದೆ. ಆ ಬಾಗಿಲು ಹಗಲೆಲ್ಲ ಗೋಡೆಗೆ ಒರಗಿ ತೆರೆದೇ ಇರುತ್ತಿತ್ತು. ಬೊಂಬೆ ಗುಡಿಸುವ ನೆಪದಲ್ಲಿ ದಿನಕ್ಕೆ ಎರಡು ಸಾಲಿನಂತೆ, ಅಕ್ಷರಕ್ಕೆ ಅಕ್ಷರ ಕೂಡಿಸಿ, ನಾಲ್ಕು ದಿನ ಓದಿದಳು. 'ಊಟಕ್ಕೆ ಪ್ರಾರ್ಥನೆಯನ್ನಾಗಲಿ ಬೇರೆ ಯಾವುದೇ ಧಾರ್ಮಿಕ ಆಚರಣೆಯನ್ನಾಗಲಿ ಷರತ್ತಾಗಿ ಇರಿಸತಕ್ಕದ್ದಲ್ಲ.' ಒಂದು ಪದ ಬಿಡಿಸಲಿಲ್ಲ.

"ಮಾವ, ಷರತ್ತು ಅಂದ್ರೇನು?"

ಅಡುಗೆಯವನು ಅವಳ ದನಿ ಕೇಳಿಯೇ ಅರ್ಧ ಬೆಚ್ಚಿದ. "ಷರತ್ತು ಅಂದ್ರೆ... ನೀನು ಇದು ಮಾಡಿದ್ರೆ ನಾನು ಅದು ಕೊಡ್ತೀನಿ, ಇಲ್ಲಾಂದ್ರೆ ಇಲ್ಲ ಅನ್ನೋದು. ಯಾಕೆ, ಮದುವೆ ಮಾತುಕತೆನಾ?"

ಅವಳು ಅಲ್ಲವೆಂದು ತಲೆ ಅಲ್ಲಾಡಿಸಿದಳು. ಮುಂದಿನ ಸಾಲೂ ಅವಳಿಗೆ ಬಾಯಿಪಾಠವಾಗಿತ್ತು. ಷರತ್ತು ಇಟ್ಟಿದ್ದು ಕಂಡುಬಂದರೆ 'ಅನುದಾನ ನಿಲ್ಲಿಸಲಾಗುವುದು ಅಥವಾ ಯೋಜನೆಯನ್ನು ಬೇರೆ ಸಂಸ್ಥೆಗೆ ವಹಿಸಲಾಗುವುದು.'

ಹಾಗಾದರೆ ಅಜ್ಜಿಯ ಊಟ ಅಜ್ಜಿಯದೇ ಆಗಿತ್ತು. ಬೇಡಿದ್ದಲ್ಲ, ಕೃಪೆಯಲ್ಲ. ಅತ್ತೆ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ ಸರ್ಕಾರದ ಅನ್ನ ಹಿಡಿದುಕೊಂಡು ಈ ಹೆಂಗಸು ದೇವರ ಲೆಕ್ಕಕ್ಕೆ ಕೈಮುಗಿಸಿಕೊಂಡಳು. ಬೊಂಬೆ ಆ ದಿನ ಬಾಗಿಲನ್ನು ಮೆಲ್ಲಗೆ ಮತ್ತೆ ಗೋಡೆಗೆ ಒರಗಿಸಿ ಬಂದಳು.

*

ತನಿಖೆಯ ಕಾಗದ ಬಂದ ಮಧ್ಯಾಹ್ನವೇ ಅಮ್ಮನವರು ಅವಳನ್ನು ಕಚೇರಿಗೆ ಕರೆದರು. ಕಚೇರಿಗೂ ಹಾಲಿಗೂ ನಡುವೆ ಗಾಜಿನ ಗೋಡೆ. ಮೇಜಿನ ಮೇಲಿದ್ದ ಕಂಚಿನ ಗಂಟೆಯನ್ನು ಅವರು ಕರವಸ್ತ್ರದಲ್ಲಿ ಸುತ್ತಿದರು.

"ನೋಡಮ್ಮ, ಆ ದಿನ ಪ್ರಾರ್ಥನೆ ಇಲ್ಲ, ಗಂಟೆ ಇಲ್ಲ. ಒಂದೇ ದಿನದ ಮಾತು. ನಾನು 'ಊಟ ಮಾಡಿ' ಅಂದ ಕೂಡ್ಲೇ ಎಲ್ರೂ ತಟ್ಟೆ ತಿರುಗಿಸ್ಬೇಕು. ಇದು ಪರೀಕ್ಷೆ ಅಲ್ಲ ಅಂತ ಒಬ್ಬೊಬ್ಬರ ಕಿವೀಲೂ ಹೇಳ್ಬಿಡು. ನಿನ್ನ ಮಾತು ಅವರು ನಂಬ್ತಾರೆ."

ಬೊಂಬೆ ನೋಡುತ್ತಲೇ ಇದ್ದಳು.

"ನಾನೇ ಹೇಳ್ಬಹುದಿತ್ತು. ಆದ್ರೆ ಆ ದರ್ಜಿ ಮುದುಕನ ಬಾಯಿಗೆ ಗುಂಡಿ ಇಲ್ಲ. 'ಅಮ್ಮನೋರು ಹೀಗೆ ಹೇಳ್ಕೊಟ್ರು' ಅಂತ ಆಫೀಸರ ಮುಂದೆ ಬಿಚ್ಚಿಬಿಟ್ರೆ? ನೀನಾದ್ರೆ ಯಾರೂ ಕೇಳಲ್ಲ. ಹೇಳ್ತೀಯ ತಾನೇ?"

ಅವಳು ತಲೆ ಆಡಿಸಲಿಲ್ಲ, ಅಲ್ಲಾಡಿಸಲೂ ಇಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು.

"ಮೌನಂ ಸಮ್ಮತಿ ಲಕ್ಷಣಂ," ಎಂದು ನಕ್ಕು ಅಮ್ಮನವರು ಗಂಟೆಯನ್ನು ಬೀರುವಿಗೆ ಹಾಕಿ ಬೀಗ ತಿರುಗಿಸಿದರು. ಮತ್ತೆ ಏನೋ ನೆನಪಾದವರಂತೆ, "ತಟ್ಟೆ ಮಾತ್ರ ಎಂದಿನ ಹಾಗೇ ಬೋರಲಿರ್ಲಿ. ನಲವತ್ತೆರಡು ತಟ್ಟೆ ಒಟ್ಟಿಗೆ ತಿರುಗಿದ್ರೆ ನೋಡೋಕೆ ಎಷ್ಟು ಚೆಂದ! ಆಫೀಸರೂ ನೋಡ್ಲಿ ಶಿಸ್ತು ಅಂದ್ರೇನು ಅಂತ."

ಪ್ರಾರ್ಥನೆ ಮಾತ್ರ ತಪ್ಪಬಾರದು ಎಂದು ತನಿಖೆಯ ಹಿಂದಿನ ದಿನದವರೆಗೂ ಗಂಟೆ ಬೀರುವಿನಿಂದ ಬಂದು ಬೀರುವಿಗೇ ಹೋಯಿತು.

ಆ ಎರಡು ದಿನ ಬೊಂಬೆ ಪಂಕ್ತಿಯ ಉದ್ದಕ್ಕೂ ಬಡಿಸುತ್ತ, ಒಬ್ಬೊಬ್ಬರ ಕಿವಿಗೂ ಬಗ್ಗಿದಳು. ಗಾಜಿನಾಚೆಯಿಂದ ಅಮ್ಮನವರು ನೋಡುತ್ತಿದ್ದರು. ಅವಳ ತುಟಿ ಅಲುಗುವುದು ಕಾಣುತ್ತಿತ್ತು, ಮುದುಕರು ಅಚ್ಚರಿಯಿಂದ ತಲೆ ಎತ್ತುವುದು ಕಾಣುತ್ತಿತ್ತು, ಆಮೇಲೆ ತಲೆಯಾಡಿಸುವುದೂ ಕಾಣುತ್ತಿತ್ತು. ಕೇಳಿಸುತ್ತಿರಲಿಲ್ಲ ಅಷ್ಟೆ.

"ಇನ್ನೊಂಚೂರು ಹಾಕ್ಲಾ?" ಎಂದು ಕೇಳುತ್ತಿದ್ದಳು ಬೊಂಬೆ.

"ಅರೆ! ಬೊಂಬೆಗೆ ಮಾತು ಬಂತು ಕಣ್ರೋ!" ಎಂದ ದರ್ಜಿ ತಾತ, ಅವನೂ ಪಿಸುದನಿಯಲ್ಲೇ. "ಹಾಕಮ್ಮ ಹಾಕು. ಕೇಳಿ ಹಾಕೋ ಕೈ ಬಂಗಾರ ಆಗ್ಲಿ."

ಎರಡನೆಯ ಮೇಜಿನ ಕೊನೆಯಲ್ಲಿ ಕಣ್ಣು ಕಾಣದ ಅಜ್ಜಿಯೊಬ್ಬಳು ಕೂರುತ್ತಿದ್ದಳು. ಎರಡೂ ಕೈಯಿಂದ ತಟ್ಟೆಯ ಅಂಚು ಹಿಡಿದೇ ಉಣ್ಣುವವಳು. ಬೊಂಬೆ ಬಗ್ಗಿದಾಗ ಅವಳ ಮುಖ ಸವರಿ ನೋಡಿ, "ನಿನ್ನ ದನಿ ನಿನ್ನ ಅಜ್ಜೀದೇ ಕಣೇ," ಎಂದಳು. ಬೊಂಬೆಯ ಸೌಟಿನಿಂದ ಎರಡು ಅಗುಳು ನೆಲಕ್ಕೆ ಬಿದ್ದವು.

ಆ ಸಂಜೆ ಒಲೆ ಆರಿಸಿ ಪಾತ್ರೆ ಬೋರಲು ಹಾಕುವಾಗ ಅಡುಗೆಯವನು ಕೇಳಿಯೇಬಿಟ್ಟ. ಅವನ ಕಿವಿ ಸೂಕ್ಷ್ಮ. ನಲವತ್ತು ವರ್ಷ ಹಾಲು ಉಕ್ಕುವುದನ್ನು ಬೆನ್ನು ಹಾಕಿ ನಿಂತೇ ಕೇಳಿಸಿಕೊಂಡವನು.

"ಅಮ್ಮನೋರು ಹೇಳಿದ್ದು ಹೇಳಿದೆಯೇನೇ ಅವರಿಗೆ?"

ಅವಳು ಇನ್ನೊಂದು ಪಾತ್ರೆ ಬೋರಲು ಹಾಕಿದಳು.

"ಹೇಳಿಲ್ಲ." ಅವನು ಸ್ಟೂಲಿನ ಮೇಲೆ ಕೂತ. ತುಸು ಹೊತ್ತು ಮೊಣಕಾಲು ಉಜ್ಜಿಕೊಂಡ. "ನಿನ್ನ ಹೊಟ್ಟೆ ಉರಿ ನಂಗೆ ಗೊತ್ತು ಕಣೇ. ಆ ಹನ್ನೊಂದು ದಿನ ಬೇಯಿಸಿದ್ದು ನಾನೇ ಅಲ್ವಾ? ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಸರ್ಕಾರ ಕೊಟ್ರೂ ಸೌಟು ಕೊಡ್ಲಿಲ್ಲ. ಸೌಟು ನಿನ್ನ ಕೈಲಿತ್ತು, ಅದೇ ನಿನ್ನ ಸಂಕಟ. ಆದ್ರೆ ಯೋಚ್ನೆ ಮಾಡು. ಅನುದಾನ ನಿಂತ್ರೆ ಇವರೆಲ್ಲ ಎಲ್ಲಿಗೆ ಹೋಗ್ತಾರೆ? ಆ ಕಣ್ಣಿಲ್ಲದೋಳು?"

"ಅಥವಾ," ಎಂದಳು ಅವಳು.

"ಏನು ಅಥವಾ?"

"ಅಥವಾ ಬೇರೆಯೋರಿಗೆ ಕೊಡ್ತಾರೆ. ಬಾಗಿಲ ಹಿಂದೆ ಬರ್ದಿದೆ ಮಾವ."

"ಒಂದು 'ಅಥವಾ' ನಂಬ್ಕೊಂಡು ನಲವತ್ತೆರಡು ಹೊಟ್ಟೆ ಪಣಕ್ಕಿಡ್ತೀಯಾ?"

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಪದವನ್ನು ಅತ್ತ ಇತ್ತ ಮಗುಚಿ ನೋಡಿದಳು. ನಿಲ್ಲಿಸಲಾಗುವುದು, ಅಥವಾ ವಹಿಸಲಾಗುವುದು. ಆಫೀಸರು ಯಾವುದನ್ನು ಆರಿಸುತ್ತಾನೆ ಎಂದು ಆ ಕಾಗದದಲ್ಲಿ ಬರೆದಿರಲಿಲ್ಲ. ಈಗಲೂ ತಡವಾಗಿಲ್ಲ, ಬೆಳಿಗ್ಗೆ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳಬಹುದು, ಒಂದು ಮಾತು ಸಾಕು. ಹೇಳಿದರೆ ಎಲ್ಲರೂ ಉಣ್ಣುತ್ತಾರೆ, ಆಫೀಸರು ಹೊಗಳಿ ಹೋಗುತ್ತಾನೆ, ಮರುದಿನ ಗಂಟೆ ಬೀರುವಿನಿಂದ ಹೊರಗೆ ಬರುತ್ತದೆ. ಮತ್ತೊಬ್ಬ ಅಜ್ಜಿ ಬೋರಲು ತಟ್ಟೆಯ ಮುಂದೆ ಕೂರುತ್ತಾಳೆ. ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಮತ್ತೊಬ್ಬ ಅಜ್ಜಿಯ ಮುಖ ಅವಳ ಕಣ್ಣ ಮುಂದೆ ಬರಲೇ ಇಲ್ಲ. ಬಂದದ್ದು ಅಮ್ಮನವರ ಮುಖ, ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತದ್ದು.

*

ಆಫೀಸರು ಸಣಕಲು ಮನುಷ್ಯ, ನೆಗಡಿ. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಕರವಸ್ತ್ರ. ಅಮ್ಮನವರು ಅವನನ್ನು ಹಾಲಿನ ಉದ್ದಕ್ಕೂ ನಡೆಸಿಕೊಂಡು ಬಂದರು.

"ಪ್ರಾರ್ಥನೆ ಗೀರ್ಥನೆ ಏನಾದ್ರೂ?" ಎಂದ ಅವನು ಮೂಗು ಒರೆಸುತ್ತ.

"ಅಯ್ಯೋ, ನಿಯಮ ಗೊತ್ತಿಲ್ವಾ ಸಾರ್! ಬೇಕಾದೋರು ಪಕ್ಕದ ಮಂದಿರಕ್ಕೆ ಹೋಗಿ ಮಾಡ್ಕೋತಾರೆ. ಇಲ್ಲಿ ಬರೀ ಊಟ."

"ನಿಯಮದ ಕಾಗದ?"

"ಅಂಟಿಸಿದೀವಿ ಸಾರ್, ದಿನಸಿ ಕೋಣೇಲಿ."

ಅವನು ಫೈಲಿನಲ್ಲಿ ಗುರುತು ಹಾಕಿದ. ಮುದುಕರೆಲ್ಲ ತಂತಮ್ಮ ಜಾಗದಲ್ಲಿ ಕೂತಿದ್ದರು, ಕೈ ಮಡಿಲಲ್ಲಿ. ನಲವತ್ತೆರಡು ತಟ್ಟೆ ಬೋರಲಾಗಿ, ಸಾಲಾಗಿ, ಕಿಟಕಿಯ ಬೆಳಕಿಗೆ ಫಳಫಳ. ಅಡುಗೆಯವನು ಅನ್ನದ ಪಾತ್ರೆ ತಂದು ಇಟ್ಟ, ಬೊಂಬೆಯ ಕಡೆ ನೋಡದೆ. ಹಬೆ ಏಳುತ್ತಿತ್ತು. ಅವಳು ಸೌಟು ಹಿಡಿದು ನಿಂತಳು.

ಅಮ್ಮನವರು ಹಾಲಿನ ನಡುವೆ ನಿಂತು, ಆಫೀಸರ ಕಡೆ ಒಮ್ಮೆ ನೋಡಿ, ಕೈ ಚಾಚಿದರು. "ಊಟ ಮಾಡಿ ಎಲ್ರೂ!"

ಒಂದು ಕೈಯೂ ಏಳಲಿಲ್ಲ.

"ಮಾಡಿ ಮಾಡಿ. ತಟ್ಟೆ ತಿರುಗಿಸಿ."

ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದರ್ಜಿ ತಾತ ಮೀಸೆಯೊಳಗೆ ನಕ್ಕ. ಯಾರೋ ಕೆಮ್ಮಿದರು. ಅಮ್ಮನವರ ಕತ್ತು ಕೆಂಪಾಗತೊಡಗಿತು. ಮೊದಲು ಕಿವಿಯ ಕೆಳಗೆ, ಆಮೇಲೆ ಗಲ್ಲದ ತನಕ. ಬೊಂಬೆ ಅದನ್ನು ಬಿಡದೆ ನೋಡಿದಳು. ಅವಳ ಅಜ್ಜಿಯ ಕತ್ತೂ ಹಾಗೇ ಕೆಂಪಾಗಿತ್ತು, ಮೊದಲ ದಿನದ ನಗುವಿನ ನಡುವೆ.

"ಹಸಿವಿಲ್ವಾ ಇವರಿಗೆ?" ಎಂದ ಆಫೀಸರು.

"ಇದೆ ಸಾರ್, ಹೊಸಬರು ಬಂದ್ರೆ ಸಂಕೋಚ... ತಾತ, ನೀವು ತಿರುಗಿಸಿ. ನೀವು ಮೊದಲು."

ದರ್ಜಿ ತಾತ ಎರಡೂ ಕೈಯನ್ನು ಮೇಜಿನ ಕೆಳಗೆ ಇನ್ನೂ ಒಳಕ್ಕೆ ಎಳೆದುಕೊಂಡ. "ಈ ಸಲ ಬೀಳಲ್ಲಮ್ಮ ನಾವು," ಎಂದ, ಶಹಭಾಸ್‌ಗಿರಿಗೆ ಕಾದವನಂತೆ. "ಒಂದ್ಸಲ ಕತ್ತರಿ ಬಿದ್ದ ಬಟ್ಟೆ. ಆಫೀಸರನ್ನೇ ಕರ್ಕೊಂಡು ಬಂದು ಪರೀಕ್ಷೆ ಇಟ್ರೂ ಬೀಳಲ್ಲ."

"ಏನು ಪರೀಕ್ಷೆ?" ಆಫೀಸರ ಕರವಸ್ತ್ರ ಮೂಗಿನ ಬಳಿಯೇ ನಿಂತಿತು.

"ವಯಸ್ಸಾದೋರು ಸಾರ್, ಏನೇನೋ ಮಾತಾಡ್ತಾರೆ..."

ಆಗ ಎರಡನೆಯ ಮೇಜಿನ ಕೊನೆಯಿಂದ ಕಣ್ಣು ಕಾಣದ ಅಜ್ಜಿಯ ದನಿ ಬಂತು. ಅಂಜಿದ ದನಿ. "ಗಂಟೆ ಆಯ್ತಾ? ನಂಗೊಬ್ಬಳಿಗೇ ಕೇಳಿಸ್ಲಿಲ್ವಾ? ಕಣ್ಣು ಹೋಯ್ತು, ಕಿವೀನೂ ಹೋಯ್ತಾ?"

"ಇಲ್ಲ ಬಿಡು, ಗಂಟೆ ಆಗಿಲ್ಲ," ಎಂದ ದರ್ಜಿ ತಾತ. "ಪ್ರಾರ್ಥನೇನೇ ಆಗಿಲ್ಲ, ಗಂಟೆ ಎಲ್ಲಿಂದ?"

"ಯಾವ ಗಂಟೆ? ಯಾವ ಪ್ರಾರ್ಥನೆ?" ಎಂದ ಆಫೀಸರು. ಈ ಸಲ ಅಮ್ಮನವರನ್ನಲ್ಲ, ತಾತನನ್ನೇ ಕೇಳಿದ್ದು.

"ನಿಮಗೆ ಗೊತ್ತಿಲ್ವಾ ಸ್ವಾಮಿ? ಪ್ರಾರ್ಥನೆ ಆಗ್ಬೇಕು, ಗಂಟೆ ಆಗ್ಬೇಕು, ಆಮೇಲೆ ತಟ್ಟೆ. ಮುಂಚೆ ತಿರುಗಿಸಿದ್ರೆ ಆ ದಿನ ಊಟ ಇಲ್ಲ. ಬಾಯಿ ಬಿಡದೋರಿಗೆ ಅನ್ನ ಇಲ್ಲ. ಅಮ್ಮನೋರ ಶಿಸ್ತು ಅಂದ್ರೆ ಶಿಸ್ತು!" ಅವನು ಮನಸಾರೆ ಹೊಗಳುತ್ತಿದ್ದ. ಆಫೀಸರು ಜೇಬಿನಿಂದ ಪೆನ್ನು ತೆಗೆದು ಬರೆಯತೊಡಗಿದ್ದು ತನ್ನ ಜಾಣತನವನ್ನೇ ಇರಬೇಕು ಎಂದುಕೊಂಡು ಎದೆಯುಬ್ಬಿಸಿ ಕೂತ.

ಅಮ್ಮನವರು ಹಾಲಿನ ನಡುವೆ ಹಾಗೇ ನಿಂತಿದ್ದರು. ಬೀರುವಿನ ಕೀಲಿ ಅವರ ಸೊಂಟದಲ್ಲಿತ್ತು. ಗಂಟೆ ತರಿಸಿದರೆ ಎಲ್ಲರೂ ತಟ್ಟೆ ತಿರುಗಿಸುತ್ತಿದ್ದರು, ತರಿಸುವುದು ಹೇಗೆ? ತಾವೇ ಹೇಳಿದರೆ ಯಾರೂ ನಂಬುವುದಿಲ್ಲ. ನಂಬದ ಹಾಗೆ ಕಲಿಸಿದವರು ಅವರೇ. ಅವರ ಕಣ್ಣು ಮೇಜಿನಿಂದ ಮೇಜಿಗೆ ಹೋಗಿ, ಕೊನೆಗೆ ಸೌಟು ಹಿಡಿದು ನಿಂತವಳ ಮೇಲೆ ಬಂದು ನಿಂತಿತು. ಆ ಕಣ್ಣಿಗೆ ಅರ್ಥವಾಗುವುದಕ್ಕೆ ತುಸು ಹೊತ್ತು ಹಿಡಿಯಿತು. ಅರ್ಥವಾದದ್ದನ್ನು ಬೊಂಬೆ ಕಂಡಳು, ನೀರಿನ ತಳಕ್ಕೆ ಕಲ್ಲು ಮುಟ್ಟಿದ್ದು ಮೇಲಿನಿಂದ ಕಂಡ ಹಾಗೆ.

ಅವಳು ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಅಡುಗೆಮನೆಯ ಕಟ್ಟೆಯ ಹತ್ತಿರ ಹೋಗಿ ಬಗ್ಗಿದಳು. ಗೋಣಿಯ ಹಿಂದಿನಿಂದ ಅಂಚು ನಜ್ಜಿದ ತಟ್ಟೆಯನ್ನು ತೆಗೆದಳು. ಎಲ್ಲರೂ ನೋಡುತ್ತಿದ್ದಂತೆ ಮೂರನೆಯ ಮೇಜಿನ ತುದಿಗೆ ನಡೆದು, ಹದಿನೈದನೆಯ ಜಾಗದಲ್ಲಿ ಅದನ್ನು ಬೋರಲು ಹಾಕಿದಳು. ಜೀವಮಾನದಲ್ಲಿ ಮೊದಲ ಸಲ ಸದ್ದಾಗುವ ಹಾಗೆ ಹಾಕಿದಳು.

"ಇದು ಯಾರದು?" ಎಂದ ಆಫೀಸರು.

ಕಣ್ಣು ಕಾಣದ ಅಜ್ಜಿ ಸದ್ದು ಬಂದ ಕಡೆ ಮುಖ ತಿರುಗಿಸಿದಳು. "ಅವಳದು," ಎಂದಳು ಮೆಲ್ಲಗೆ. "ಠೂ ಬಿಟ್ಟೋಳದು."

ದರ್ಜಿ ತಾತನ ಮೀಸೆಯ ನಗು ಅಲ್ಲೇ ಆರಿತು. ಅವನು ಪೆನ್ನನ್ನು ನೋಡಿದ, ಅಮ್ಮನವರನ್ನು ನೋಡಿದ, ಬೊಂಬೆಯನ್ನು ನೋಡಿದ. ಇದು ಪರೀಕ್ಷೆಯಲ್ಲ ಎಂದು ಅವನಿಗೆ ಈಗ ತಿಳಿಯಿತು. ಆದರೂ ಅವನ ಕೈ ಮೇಜಿನ ಮೇಲೆ ಬರಲಿಲ್ಲ. ಬೇರೆ ಯಾರ ಕೈಯೂ ಬರಲಿಲ್ಲ.

ಅನ್ನದ ಹಬೆ ಸಣ್ಣದಾಗುತ್ತಿತ್ತು. ಅಡುಗೆಯವನು ಬಾಗಿಲಿಗೆ ಒರಗಿ ನಿಂತು ಅದನ್ನೇ ನೋಡುತ್ತಿದ್ದ. ಕಣ್ಣು ಕಾಣದ ಅಜ್ಜಿಯ ಹೊಟ್ಟೆ ಗುರುಗುಟ್ಟಿದ್ದು ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು. ಅವಳು ನಾಚಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಬೊಂಬೆಯ ಎದೆಗೆ ಅದು ಚುಚ್ಚಿತು. ತಾನು ಒಂದು ಮಾತು ಅಂದರೆ ನಲವತ್ತೆರಡು ತಟ್ಟೆಯೂ ತಿರುಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಅನ್ನುತ್ತಾಳೆ, ಖಂಡಿತ ಅನ್ನುತ್ತಾಳೆ; ಆದರೆ ಇನ್ನೊಂದು ಸ್ವಲ್ಪ ಹೊತ್ತು. ಹನ್ನೊಂದು ದಿನದಲ್ಲಿ ಇದು ಎಷ್ಟನೆಯ ಪಾಲು!

ಅಮ್ಮನವರು ಅವಳ ಹತ್ತಿರ ಬಂದರು. ಹತ್ತಿರದಿಂದ ಅವರ ಬಿಳಿ ಬಟ್ಟೆಯ ಇಸ್ತ್ರಿಯ ವಾಸನೆ ಬಂತು, ಬೆವರಿನದೂ ಬಂತು. ತುಟಿ ಒಣಗಿತ್ತು. ಬೆಣ್ಣೆ ಎಲ್ಲ ಕರಗಿ ಹೋದ ಮೇಲೆ ಉಳಿದ ದನಿಯಲ್ಲಿ ಕೇಳಿದರು:

"ಹೇಳಮ್ಮ ಅವರಿಗೆ."

ಅವಳು ಕಿಟಕಿಯಾಚೆ ನೋಡುತ್ತ ನಿಂತಿದ್ದಳು, ಬೆನ್ನು ನೆಟ್ಟಗೆ. ತಲೆ ಆಡಲಿಲ್ಲ.

"ತಟ್ಟೆ ತಿರುಗಿಸೋಕೆ ಹೇಳಮ್ಮ. ಅನ್ನ ಆರ್ತಾ ಇದೆ."